ಫಿಸಿಕ್ಸ್ ಓದಿ ಮೇಷ್ಟ್ರಾಗದೆ ಬದುಕೋದು ಹೇಗೆ?

ಬಿ.ಎಸ್ಸಿ. ಕೊನೇ ವರ್ಷದಲ್ಲಿದ್ದಾಗ ಮದುವೆ ಮನೆಗೆ ಹೋಗೋದೇ ಬೇಡ ಅನ್ನಿಸುತ್ತಿತ್ತು. ಊಟದ ಸಾಲಿನಲ್ಲಿ ಪಕ್ಕ ಕೂತವರು ಹೋಳಿಗೆ ಬರುವ ಮೊದಲೇ ಕೇಳುತ್ತಿದ್ದರು.

"ಏನ್ ಓದ್ತಿದೀಯಪ್ಪಾ?"

"ಫಿಸಿಕ್ಸ್."

"ಓ, ಹಂಗಾದ್ರೆ ಮೇಷ್ಟ್ರಾಗ್ತೀಯ."

ಅಷ್ಟೇ, ಅವರ ಪಾಲಿಗೆ ನನ್ನ ಬದುಕು ಇತ್ಯರ್ಥವಾಯಿತು. ಮೇಷ್ಟ್ರ ಕೆಲಸದ ಮೇಲೆ ನನಗೆ ತಕರಾರಿಲ್ಲ. ನನ್ನಲ್ಲಿ ಅದಕ್ಕೆ ಬೇಕಾದ ತಾಳ್ಮೆ ಇರಲಿಲ್ಲ. ಸಂಶೋಧನೆಗೆ ಬೇಕಾದ ಐದಾರು ವರ್ಷ ಮನೆಯ ಪರಿಸ್ಥಿತಿ ಕೊಡುತ್ತಿರಲಿಲ್ಲ. ಹಾಗಾಗಿ ಎಂ.ಎಸ್ಸಿ. ಮುಗಿಸಿದ ಮೇಲೆ ಕೆಲಸ ಹುಡುಕುವ ಸೈಟ್‌ಗಳಲ್ಲಿ 'ಫಿಸಿಕ್ಸ್' ಅಂತ ಟೈಪ್ ಮಾಡುತ್ತಾ ಕೂತೆ. ಬಂದದ್ದೆಲ್ಲ ಲೆಕ್ಚರರ್, ಟ್ಯೂಟರ್, ನೀಟ್ ಕೋಚಿಂಗ್. ಹೊರಗೆ ಕೆಲಸವೇ ಇಲ್ಲ ಅಂದುಕೊಂಡೆ. ನಿಜ ಏನೆಂದರೆ, ಕೆಲಸ ಬೇಕಾದಷ್ಟಿತ್ತು, ಆದರೆ ಯಾವುದರ ಹೆಸರಿನಲ್ಲೂ 'ಫಿಸಿಕ್ಸ್' ಇರಲಿಲ್ಲ. ಇದು ತಿಳಿಯೋದಕ್ಕೆ ನನಗೆ ಎರಡು ವರ್ಷ ಬೇಕಾಯಿತು. ನಿಮಗೆ ಅಷ್ಟು ಬೇಡ.

ಹೆಜ್ಜೆ 1: ಮಾರ್ಕ್ಸ್ ಕಾರ್ಡ್ ಎದುರಿಗೆ ಇಟ್ಟುಕೊಳ್ಳಿ

ನಿಮಗೇನು ಇಷ್ಟ ಅನ್ನೋದನ್ನು ಆಮೇಲೆ ನೋಡೋಣ. ಮೊದಲು ಒಂದು ಹಾಳೆಯ ಮೇಲೆ ನಾಲ್ಕು ವಿಷಯ ಬರೆದುಕೊಳ್ಳಿ. ಡಿಗ್ರಿಯಲ್ಲಿ ಫಿಸಿಕ್ಸ್ ಜೊತೆ ಇದ್ದ ವಿಷಯಗಳು, ಒಟ್ಟು ಶೇಕಡಾವಾರು, ಪಿಯುಸಿಯಲ್ಲಿ ಗಣಿತ ಇತ್ತೋ ಇಲ್ಲವೋ, ಎಂ.ಎಸ್ಸಿ. ಆಗಿದ್ದರೆ ಸ್ಪೆಶಲೈಸೇಶನ್ ಯಾವುದು.

ಇದರಲ್ಲಿ ಗಣಿತವೇ ದೊಡ್ಡ ಬೇಲಿ. ಪಿಸಿಎಂ, ಪಿಎಂಸಿಎಸ್, ಪಿಎಂಇ, ಹೀಗೆ ಫಿಸಿಕ್ಸ್ ಜೊತೆ ಗಣಿತವೂ ಇದ್ದ ಗುಂಪುಗಳಲ್ಲಿ ಓದಿದವರಿಗೆ ತೊಂದರೆ ಇಲ್ಲ. ಆದರೆ ನಮ್ಮ ರಾಜ್ಯದಲ್ಲಿ 2021ರಿಂದ ಮೂರು ವರ್ಷ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಪದ್ಧತಿಯಲ್ಲಿ ಡಿಗ್ರಿಗೆ ಸೇರಿದವರು ಮೂರು ವಿಷಯದ ಬದಲು ಎರಡೇ ಮುಖ್ಯ ವಿಷಯ ತೆಗೆದುಕೊಂಡರು. ಫಿಸಿಕ್ಸ್–ಕೆಮಿಸ್ಟ್ರಿ ಆಯ್ದುಕೊಂಡವರ ಡಿಗ್ರಿಯಲ್ಲಿ ಗಣಿತವೇ ಇಲ್ಲ. ಅಂಥವರಿಗೆ ಕೆಲವು ಬಾಗಿಲು ಮುಚ್ಚಿವೆ. ಅರ್ಜಿ ಶುಲ್ಕ ಕಟ್ಟಿ, ಪರೀಕ್ಷೆ ಬರೆದು, ದಾಖಲೆ ಪರಿಶೀಲನೆಯ ದಿನ ಇದು ಗೊತ್ತಾದರೆ ಹೊಟ್ಟೆ ಉರಿಯುತ್ತದೆ ಅಲ್ವಾ? ಅದಕ್ಕೇ ಈಗಲೇ ನೋಡಿ.

ಇನ್ನೊಂದು ಬೇಲಿ ಶೇ. 60. ಅಣುಶಕ್ತಿ ಇಲಾಖೆಯ ಹುದ್ದೆಗಳಿಗೂ ಹವಾಮಾನ ಇಲಾಖೆಗೂ ಇಷ್ಟು ಅಂಕ ಕೇಳುತ್ತಾರೆ. ನೀವಿನ್ನೂ ಎರಡನೇ ವರ್ಷದಲ್ಲಿದ್ದು ಶೇ. 57ರಲ್ಲಿ ತೂಗಾಡುತ್ತಿದ್ದರೆ, ಮುಂದಿನ ಸೆಮಿಸ್ಟರ್‌ನಲ್ಲಿ ಅದನ್ನು ಎತ್ತೋದೇ ನಿಮ್ಮ ಕರಿಯರ್ ಪ್ಲ್ಯಾನ್. ಬೇರೆ ಯಾವ ಸರ್ಟಿಫಿಕೇಟ್ ಕೋರ್ಸೂ ಬೇಡ.

ಹೆಜ್ಜೆ 2: ವಯಸ್ಸಿನ ಗಡಿ ನೋಡಿ ಸಾಲು ಕಟ್ಟಿ

ನಾನು ಎಡವಿದ್ದು ಇಲ್ಲೇ. ಏರ್ ಟ್ರಾಫಿಕ್ ಕಂಟ್ರೋಲರ್ ಕೆಲಸಕ್ಕೆ ಬಿ.ಎಸ್ಸಿ.ಯಲ್ಲಿ ಫಿಸಿಕ್ಸ್, ಗಣಿತ ಇದ್ದರೆ ಸಾಕು ಅಂತ ನನಗೆ ಗೊತ್ತಾಗುವ ಹೊತ್ತಿಗೆ 28 ತುಂಬಿತ್ತು. ಸಾಮಾನ್ಯ ವರ್ಗಕ್ಕೆ ಅಲ್ಲಿ ಗರಿಷ್ಠ ವಯಸ್ಸು 27. ಅಧಿಸೂಚನೆಯನ್ನು ಕಳಿಸಿದ ಗೆಳೆಯನಿಗೆ ಥ್ಯಾಂಕ್ಸ್ ಹೇಳಬೇಕೋ ಬೈಯಬೇಕೋ ತಿಳಿಯಲಿಲ್ಲ.

ಹಾಗಾಗಿ ಮೊದಲು ಮುಚ್ಚುವ ಬಾಗಿಲನ್ನು ಮೊದಲು ತಟ್ಟಿ. ಅಣುವಿದ್ಯುತ್ ಸ್ಥಾವರಗಳಲ್ಲಿ ಬಿ.ಎಸ್ಸಿ.ಯವರನ್ನು ತೆಗೆದುಕೊಳ್ಳುವ ಸ್ಟೈಪೆಂಡಿಯರಿ ಟ್ರೈನಿ ಹುದ್ದೆಗಳು ಎಲ್ಲಕ್ಕಿಂತ ಬೇಗ, 24–25ರ ಸುಮಾರಿಗೆ ಕೈ ತಪ್ಪುತ್ತವೆ. ಎಂ.ಎಸ್ಸಿ. ಆದವರಿಗೆ ಭಾಭಾ ಅಣು ಸಂಶೋಧನಾ ಕೇಂದ್ರದ (ಬಿಎಆರ್‌ಸಿ) ತರಬೇತಿ ಶಾಲೆಯ ಒಂದು ವರ್ಷದ ಕೋರ್ಸ್‌ಗೆ 26. ಏರ್ ಟ್ರಾಫಿಕ್‌ಗೆ 27. ಹವಾಮಾನ ಇಲಾಖೆಯ ಸೈಂಟಿಫಿಕ್ ಅಸಿಸ್ಟೆಂಟ್‌ಗೆ 30. ಒಬಿಸಿ, ಎಸ್‌ಸಿ, ಎಸ್‌ಟಿ ವರ್ಗಕ್ಕೆ ಮೂರು ಅಥವಾ ಐದು ವರ್ಷ ಸಡಿಲಿಕೆ ಇರುತ್ತದೆ. ಪೇಟೆಂಟ್ ಏಜೆಂಟ್ ಪರೀಕ್ಷೆಗೆ 21 ತುಂಬಿದ್ದರೆ ಸಾಕು, ಮೇಲಿನ ಮಿತಿಯೇ ಇಲ್ಲ. ಖಾಸಗಿ ಕಂಪನಿಗಳಿಗೂ ಸಾಮಾನ್ಯವಾಗಿ ವಯಸ್ಸಿನ ಗೆರೆ ಇರೋದಿಲ್ಲ. ಅಂದರೆ 24ನೇ ವಯಸ್ಸಿನಲ್ಲಿ ಪೇಟೆಂಟ್ ಪುಸ್ತಕ ಹಿಡಿದು, 28ಕ್ಕೆ ಏರ್ ಟ್ರಾಫಿಕ್ ಬಗ್ಗೆ ಯೋಚಿಸೋದು ತಲೆಕೆಳಗಿನ ದಾರಿ.

ಈ ಗಡಿಗಳು ಒಂದೊಂದು ಅಧಿಸೂಚನೆಗೆ ಸ್ವಲ್ಪ ಹಿಂದೆ ಮುಂದೆ ಆಗುತ್ತವೆ. ಯಾವ ತಾರೀಕಿಗೆ ವಯಸ್ಸು ಲೆಕ್ಕ ಹಾಕುತ್ತಾರೆ ಅನ್ನೋದನ್ನೂ ಓದಿ. ಒಂದು ವಾರದ ವ್ಯತ್ಯಾಸದಲ್ಲಿ ಅವಕಾಶ ಹೋದವರಿದ್ದಾರೆ.

ಹೆಜ್ಜೆ 3: ಹುದ್ದೆಯ ಹೆಸರು ಬಿಡಿ, ಅರ್ಹತೆಯ ಸಾಲು ಹುಡುಕಿ

ಸರ್ಕಾರಿ ಅಧಿಸೂಚನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: 'ವಿತ್ ಫಿಸಿಕ್ಸ್ ಆಸ್ ಒನ್ ಆಫ್ ದಿ ಸಬ್ಜೆಕ್ಟ್ಸ್'. ಇದನ್ನೇ ಇಂಗ್ಲಿಷ್‌ನಲ್ಲಿ, ಉದ್ಧರಣ ಚಿಹ್ನೆಯೊಳಗೆ ಹಾಕಿ, ಗೂಗಲ್‌ನಲ್ಲಿ ಹುಡುಕಿ. ತೂಕ ಮತ್ತು ಅಳತೆ ಇನ್ಸ್‌ಪೆಕ್ಟರ್, ಹವಾಮಾನ ವೀಕ್ಷಕ, ವಿಧಿವಿಜ್ಞಾನ ಪ್ರಯೋಗಾಲಯದ ಹುದ್ದೆ ಎಲ್ಲ ಬಂದು ನಿಲ್ಲುತ್ತವೆ. ಖಾಸಗಿಯಲ್ಲಿ 'ಕ್ಯಾಲಿಬ್ರೇಶನ್', 'ಮೆಟ್ರಾಲಜಿ' (ಅಳತೆಯ ವಿಜ್ಞಾನ), 'ಆಪ್ಟಿಕ್ಸ್', 'ಎನ್‌ಡಿಟಿ' (ವಸ್ತುವನ್ನು ಕೆಡಿಸದೆ ಪರೀಕ್ಷಿಸೋದು), 'ಥಿನ್ ಫಿಲ್ಮ್', 'ರೇಡಿಯೇಶನ್ ಸೇಫ್ಟಿ' ಅಂತ ಹುಡುಕಿ. ಇವೆಲ್ಲ ನಿಮ್ಮ ಸಿಲಬಸ್‌ನ ಅಧ್ಯಾಯಗಳೇ, ಅಂಗಿ ಬದಲಿಸಿಕೊಂಡು ಕೂತಿವೆ.

ಹೆಜ್ಜೆ 4: ಕೆಲಸವನ್ನು ಹತ್ತಿರದಿಂದ ನೋಡಿ

ಪಟ್ಟಿ ನೋಡಿ ನಿರ್ಧಾರ ಮಾಡಬೇಡಿ. ಬೆಳಗ್ಗೆ ಹೋಗಿ ಕೂತ ಮೇಲೆ ಏನು ಮಾಡಬೇಕು ಅನ್ನೋದು ಗೊತ್ತಾಗಬೇಕು. ನನಗೆ ಚೆನ್ನಾಗಿ ಗೊತ್ತಿರುವ ಮೂರನ್ನು ಹೇಳುತ್ತೇನೆ.

ಮೊದಲನೆಯದು ಆಸ್ಪತ್ರೆ. ಕ್ಯಾನ್ಸರ್‌ಗೆ ರೇಡಿಯೇಶನ್ ಕೊಡುವ ಕಡೆಯೆಲ್ಲ ಮೆಡಿಕಲ್ ಫಿಸಿಸಿಸ್ಟ್ ಇರಲೇಬೇಕು. ಅದು ಅಣುಶಕ್ತಿ ನಿಯಂತ್ರಣ ಮಂಡಳಿಯ, ಅಂದರೆ ಎಇಆರ್‌ಬಿಯ ನಿಯಮ. ಎಷ್ಟು ಡೋಸ್ ಬೇಕು ಅಂತ ಡಾಕ್ಟರು ಬರೆಯುತ್ತಾರೆ. ಅಷ್ಟೇ ಡೋಸ್ ಅದೇ ಜಾಗಕ್ಕೆ ಬೀಳುವಂತೆ ನೋಡಿಕೊಳ್ಳೋದು ಫಿಸಿಸಿಸ್ಟ್ ಕೆಲಸ.

ಅವರು ಮಾಡುವ ಒಂದು ಅಳತೆ ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ರೇಡಿಯೇಶನ್ ಕೊಡುವ ಮಶಿನ್, ಅಂದರೆ ಲೀನಿಯರ್ ಆಕ್ಸಿಲರೇಟರ್ ಕೆಳಗೆ ನೀರಿನ ತೊಟ್ಟಿ ಇಟ್ಟು, ಅದರೊಳಗೆ ಬೆರಳ ತುದಿಯಷ್ಟು ದೊಡ್ಡದಾದ ಅಯಾನ್ ಚೇಂಬರ್ ಇಳಿಸುತ್ತಾರೆ. ಚೇಂಬರ್ ಒಳಗಿರೋದು ಹೊರಗಿನ ಗಾಳಿಯೇ. ರೇಡಿಯೇಶನ್ ಆ ಗಾಳಿಯನ್ನು ಅಯಾನು ಮಾಡುತ್ತದೆ, ಆ ಚಾರ್ಜ್ ಅಳೆದರೆ ಡೋಸ್ ಸಿಗುತ್ತದೆ. ಈಗ ನೆನಪಿಸಿಕೊಳ್ಳಿ: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 910 ಹೆಕ್ಟೊಪ್ಯಾಸ್ಕಲ್. ಮಂಗಳೂರಿನಲ್ಲಿ 1010ರ ಆಸುಪಾಸು. ಅಂದರೆ ಇಲ್ಲಿ ಚೇಂಬರ್ ಒಳಗೆ ಗಾಳಿ ಶೇ. 10ರಷ್ಟು ಕಡಿಮೆ, ರೀಡಿಂಗ್ ಕೂಡ ಅಷ್ಟೇ ಕಡಿಮೆ. ತಾಪಮಾನ, ಒತ್ತಡದ ತಿದ್ದುಪಡಿ ಹಾಕದೆ 'ಮಶಿನ್ ಕಡಿಮೆ ಕೊಡ್ತಿದೆ' ಅಂತ ಏರಿಸಿದರೆ ರೋಗಿಗೆ ಶೇ. 10 ಜಾಸ್ತಿ ಡೋಸ್ ಬೀಳುತ್ತದೆ. ಅಲ್ಲಿ ತಿಂಗಳ ಪರೀಕ್ಷೆಯಲ್ಲಿ ಶೇ. 2 ವ್ಯತ್ಯಾಸ ಬಂದರೂ ನಿಂತು ಕಾರಣ ಹುಡುಕುತ್ತಾರೆ. ಪಿಯುಸಿಯಲ್ಲಿ ಕಂಠಪಾಠ ಮಾಡಿದ ಅನಿಲದ ಸೂತ್ರ ಪಿವಿ ಈಕ್ವಲ್ಸ್ ಎನ್‌ಆರ್‌ಟಿ ಇಲ್ಲಿ ಒಬ್ಬರ ಜೀವ ಕಾಯುತ್ತದೆ.

ದಾರಿ ಹೀಗಿದೆ. ಎಂ.ಎಸ್ಸಿ. ಫಿಸಿಕ್ಸ್ ಮಾಡಿ ಆಮೇಲೆ ರೇಡಿಯಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಬಹುದು. ಮುಂಬೈನ ಬಿಎಆರ್‌ಸಿಯ ಒಂದು ವರ್ಷದ ಡಿಪ್ಲೊಮಾ ಇದರಲ್ಲಿ ಹಳೆಯದು, ಹೆಸರುವಾಸಿ. ಇಲ್ಲವೇ ಬಿ.ಎಸ್ಸಿ. ಆದ ಕೂಡಲೇ ಮೆಡಿಕಲ್ ಫಿಸಿಕ್ಸ್‌ನಲ್ಲೇ ಎಂ.ಎಸ್ಸಿ. ಮಾಡಬಹುದು. ಕರ್ನಾಟಕದಲ್ಲೂ ಇಂಥ ಕೋರ್ಸ್ ಇದೆ, ಮಣಿಪಾಲ ಒಂದು ಉದಾಹರಣೆ. ಅದಾದ ಮೇಲೆ ಮಾನ್ಯತೆ ಇರುವ ರೇಡಿಯೊಥೆರಪಿ ವಿಭಾಗದಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಕಡ್ಡಾಯ. ಮುಂದೆ ರೇಡಿಯಲಾಜಿಕಲ್ ಸೇಫ್ಟಿ ಆಫೀಸರ್ ಪರೀಕ್ಷೆ ಪಾಸಾದರೆ ನಿಮ್ಮ ಬೆಲೆಯೇ ಬೇರೆ.

ಒಂದು ಎಚ್ಚರಿಕೆ. ಹೆಸರಿನಲ್ಲಿ 'ಮೆಡಿಕಲ್ ಫಿಸಿಕ್ಸ್' ಇದ್ದ ಮಾತ್ರಕ್ಕೆ ಕೋರ್ಸ್‌ಗೆ ಸೇರಬೇಡಿ. ನನ್ನ ಜೂನಿಯರ್ ಒಬ್ಬಳು ಹೀಗೆ ಸೇರಿ ಎರಡು ವರ್ಷ ಫೀಸು ಕಟ್ಟಿದಳು. ಕೊನೆಗೆ ಇಂಟರ್ನ್‌ಶಿಪ್ ಸೀಟು ಮಾತ್ರ ಕಾಲೇಜಿನವರು ಕೊಡಿಸಲಿಲ್ಲ, 'ನೀವೇ ಹುಡುಕಿಕೊಳ್ಳಿ' ಅಂದುಬಿಟ್ಟರು. ಇಂಟರ್ನ್‌ಶಿಪ್ ಇಲ್ಲದ ಆ ಡಿಗ್ರಿ ಆಸ್ಪತ್ರೆಯ ಬಾಗಿಲಿನವರೆಗೆ ಮಾತ್ರ ಬರುತ್ತದೆ. ಸೇರುವ ಮೊದಲು ಮೂರು ಕೇಳಿ: ಎಇಆರ್‌ಬಿ ಅರ್ಹತೆಗೆ ಈ ಕೋರ್ಸ್ ಹೊಂದುತ್ತದಾ, ಇಂಟರ್ನ್‌ಶಿಪ್ ಎಲ್ಲಿ, ಹೋದ ಬ್ಯಾಚಿನವರು ಈಗ ಎಲ್ಲಿದ್ದಾರೆ. ಮೂರನೆಯದಕ್ಕೆ ತಡವರಿಸಿದರೆ ಎದ್ದು ಬನ್ನಿ.

ಎರಡನೆಯದು ನನ್ನ ಕೈತಪ್ಪಿದ ಏರ್ ಟ್ರಾಫಿಕ್ ಕಂಟ್ರೋಲ್. ವಿಮಾನ ನಿಲ್ದಾಣ ಪ್ರಾಧಿಕಾರ ಜೂನಿಯರ್ ಎಕ್ಸಿಕ್ಯೂಟಿವ್ ಅಂತ ನೇಮಕ ಮಾಡುತ್ತದೆ. ಡಿಗ್ರಿಯಲ್ಲಿ ಫಿಸಿಕ್ಸ್ ಮತ್ತು ಗಣಿತ ಎರಡೂ ಇರಬೇಕು, ಅಥವಾ ಎಂಜಿನಿಯರಿಂಗ್ ಆಗಿರಬೇಕು. ವೇತನ ಶ್ರೇಣಿ 40,000ದಿಂದ 1,40,000. ಕಂಪ್ಯೂಟರ್ ಪರೀಕ್ಷೆ 120 ಅಂಕಕ್ಕೆ. ಅರ್ಧ ಇಂಗ್ಲಿಷ್, ರೀಸನಿಂಗ್, ಸಾಮಾನ್ಯ ಜ್ಞಾನ. ಇನ್ನರ್ಧ ಫಿಸಿಕ್ಸ್ ಮತ್ತು ಗಣಿತ. ನೆಗೆಟಿವ್ ಮಾರ್ಕಿಂಗ್ ಇಲ್ಲ. ಆಮೇಲೆ ಧ್ವನಿ ಪರೀಕ್ಷೆ, ವೈದ್ಯಕೀಯ ಪರೀಕ್ಷೆ.

ಎರಡು ವಿಮಾನದ ನಡುವೆ ಮೇಲೆ ಕೆಳಗೆ ಕನಿಷ್ಠ 1,000 ಅಡಿ, ಅಕ್ಕಪಕ್ಕ ಇಂತಿಷ್ಟು ನಾಟಿಕಲ್ ಮೈಲಿ ಅಂತರ ಕಾಯಬೇಕು. ಒಂದು ಇಳಿಯುತ್ತಿದೆ, ಒಂದು ಏರುತ್ತಿದೆ, ಎದುರಿನಿಂದ ಮೂರನೆಯದು ಬರುತ್ತಿದೆ. ರಿಲೇಟಿವ್ ವೆಲಾಸಿಟಿ ಲೆಕ್ಕವನ್ನು ಕಾಗದ ಇಲ್ಲದೆ ತಲೆಯಲ್ಲೇ ಮಾಡಬೇಕು, ಅದರ ನಡುವೆಯೇ ಬಾಯಲ್ಲಿ ಪೈಲಟ್ ಜೊತೆ ಮಾತಾಡುತ್ತಿರಬೇಕು. ಪಾಳಿ ಕೆಲಸ, ರಾತ್ರಿ ನಿದ್ದೆ ಕೆಡುತ್ತದೆ. ಎಲ್ಲಿಗೆ ಬೇಕಾದರೂ ಪೋಸ್ಟಿಂಗ್ ಆಗಬಹುದು. ಊರು ಬಿಡಲಾರೆ ಅನ್ನುವವರಿಗೆ ಇದು ಬೇಡ.

ಕನ್ನಡ ಮೀಡಿಯಂನವರು ಇಂಗ್ಲಿಷ್‌ಗೆ ಹೆದರಿ ಹಿಂದೆ ಸರಿಯುತ್ತಾರೆ. ಕೇಳೋದು ಹತ್ತನೇ ಅಥವಾ ಹನ್ನೆರಡನೇ ತರಗತಿಯಲ್ಲಿ ಇಂಗ್ಲಿಷ್ ಒಂದು ವಿಷಯವಾಗಿ ಪಾಸಾಗಿರಬೇಕು ಅಂತ. ಮಾತು ಸ್ಪಷ್ಟವಾಗಿರಬೇಕು ಅಷ್ಟೇ, ಆಕ್ಸೆಂಟ್ ಬೇಕಿಲ್ಲ. ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಇಂಗ್ಲಿಷ್ ಓದಿ. ಮನೆಯವರು ನಗುತ್ತಾರೆ, ನಗಲಿ.

ಮೂರನೆಯದು ನನ್ನ ಕಸುಬು, ಅಳತೆ. ಪೀಣ್ಯದ ಒಂದು ಕ್ಯಾಲಿಬ್ರೇಶನ್ ಲ್ಯಾಬ್‌ನಲ್ಲಿ ನಾನು ಶುರು ಮಾಡಿದ್ದು. ಕಾರ್ಖಾನೆಗಳ ವರ್ನಿಯರ್, ಮೈಕ್ರೊಮೀಟರ್, ಪ್ರೆಶರ್ ಗೇಜ್, ಥರ್ಮೋಕಪಲ್ ಬರುತ್ತವೆ. ಅವು ಸರಿ ತೋರಿಸುತ್ತಿವೆಯಾ ನೋಡಿ ಸರ್ಟಿಫಿಕೇಟ್ ಕೊಡಬೇಕು. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯ (ಎನ್‌ಎಬಿಎಲ್) ಮಾನ್ಯತೆ ಇರುವ ಲ್ಯಾಬ್ ಆದರೆ ಪ್ರತಿ ರೀಡಿಂಗ್ ಜೊತೆ 'ಇದರಲ್ಲಿ ಎಷ್ಟು ಅನಿಶ್ಚಿತತೆ ಇದೆ' ಅಂತಲೂ ಬರೆಯಬೇಕು. ಡಿಗ್ರಿಯಲ್ಲಿ ನಾವು ಬೇಡದ ಮನಸ್ಸಿನಿಂದ ಮಾಡಿದ ಎರರ್ ಅನಾಲಿಸಿಸ್ ಇಲ್ಲಿ ಅನ್ನ ಹಾಕುತ್ತದೆ.

ಮೊದಲ ವಾರ ನಾನೊಂದು ಸ್ಲಿಪ್ ಗೇಜನ್ನು, ಅಂದರೆ ಉದ್ದದ ಅಳತೆಗೆ ಮಾದರಿಯಾಗಿ ಇಡುವ ಉಕ್ಕಿನ ತುಂಡನ್ನು, ಬರಿಗೈಯಲ್ಲಿ ಎತ್ತಿದೆ. ಸೀನಿಯರ್ ನನ್ನ ಕೈಯಿಂದ ಕಿತ್ತುಕೊಂಡರು. "ಈಗ ಇದು ಉದ್ದ ಆಯ್ತು. ಅರ್ಧ ಗಂಟೆ ಹಾಗೇ ಬಿಡು." ತಮಾಷೆ ಅಂದುಕೊಂಡೆ. ಲೆಕ್ಕ ಹಾಕಿ ನೋಡಿದೆ: 100 ಮಿ.ಮೀ. ಉಕ್ಕಿನ ಗೇಜ್ ಒಂದೇ ಡಿಗ್ರಿ ಬಿಸಿಯಾದರೆ ಒಂದು ಮೈಕ್ರೊಮೀಟರ್‌ಗಿಂತ ಜಾಸ್ತಿ ಹಿಗ್ಗುತ್ತದೆ. ನಾವು ಅಳೆಯುತ್ತಿದ್ದದ್ದೇ ಅದಕ್ಕಿಂತ ಕಡಿಮೆಯನ್ನು. ಬೆರಳಿನ ಬಿಸಿ ಸಾಕು ಕೆಲಸ ಕೆಡಿಸೋಕೆ.

ಇನ್ನೊಂದು: ಒತ್ತಡ ಅಳೆಯುವ ಡೆಡ್ ವೇಟ್ ಟೆಸ್ಟರ್. ತೂಕದ ಬಿಲ್ಲೆಗಳನ್ನು ಪಿಸ್ಟನ್ ಮೇಲೆ ಇಟ್ಟು ಒತ್ತಡ ಹುಟ್ಟಿಸುವ ಉಪಕರಣ. ಇದಕ್ಕೆ ಆ ಊರಿನ ಗುರುತ್ವ ಬೇಕು. ಬೆಂಗಳೂರಿನಲ್ಲಿ ಅದು ಸುಮಾರು 9.78. ಪ್ರಮಾಣಿತ ಬೆಲೆ 9.80665. ಎರಡರ ನಡುವೆ ಶೇ. 0.27 ವ್ಯತ್ಯಾಸ. ಒಳ್ಳೆಯ ಟೆಸ್ಟರ್‌ಗೆ ಅದು ಬಹಳ ದೊಡ್ಡ ತಪ್ಪು. ನನಗೆ ನಾಚಿಕೆ ಆಗಿದ್ದು ಯಾಕೆ ಅಂದರೆ, ಕಾಲೇಜಿನಲ್ಲಿ ಪೆಂಡುಲಮ್ ಪ್ರಯೋಗಕ್ಕೆ 9.8 ಬರುವ ಹಾಗೆ ಹಿಂದಿನಿಂದ ಲೆಕ್ಕ ಹಾಕಿ ರೀಡಿಂಗ್ ಬರೆದವನು ನಾನು. ನೀವೂ ಬರೆದಿರುತ್ತೀರಿ. ಆ ಅಭ್ಯಾಸವನ್ನು ಕಾಲೇಜಿನ ಗೇಟಿನಲ್ಲೇ ಬಿಟ್ಟು ಬನ್ನಿ.

ಸಂಬಳ ಶುರುವಿನಲ್ಲಿ ಕಡಿಮೆ. ಸುಳ್ಳು ಹೇಳೋದಿಲ್ಲ, ಪಿ.ಜಿ. ಬಾಡಿಗೆ, ಬಸ್ ಪಾಸು, ಊಟ ಕಳೆದರೆ ಉಳಿಯೋದು ಅಷ್ಟಕ್ಕಷ್ಟೇ. ಆದರೆ ಎರಡು ವರ್ಷ ಕೈಪಳಗಿದರೆ ದೊಡ್ಡ ಕಾರ್ಖಾನೆಗಳ ಕ್ವಾಲಿಟಿ ವಿಭಾಗ, ಏರೋಸ್ಪೇಸ್ ಕಂಪನಿಗಳು, ಉಪಕರಣ ಮಾರುವ ಕಂಪನಿಗಳ ಅಪ್ಲಿಕೇಶನ್ ಎಂಜಿನಿಯರ್ ಹುದ್ದೆ, ಎಲ್ಲದಕ್ಕೂ ದಾರಿ ಆಗುತ್ತದೆ. ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ (ಸಿಎಂಟಿಐ) ಮೆಟ್ರಾಲಜಿಯಲ್ಲಿ ತರಬೇತಿ ನಡೆಸುತ್ತದೆ. ಅದರ ಕಡೆ ಒಂದು ಕಣ್ಣಿಡಿ.

ಇದೇ ಕಸುಬಿನ ಸರ್ಕಾರಿ ರೂಪ ಕಾನೂನು ಮಾಪನಶಾಸ್ತ್ರ ಇಲಾಖೆ. ಜನ ಹೇಳೋದು ತೂಕ ಮತ್ತು ಅಳತೆ ಇಲಾಖೆ ಅಂತ. 2011ರ ನಿಯಮಗಳ ಪ್ರಕಾರ ಇನ್ಸ್‌ಪೆಕ್ಟರ್ ಆಗಲು ಫಿಸಿಕ್ಸ್ ಒಂದು ವಿಷಯವಾಗಿರುವ ವಿಜ್ಞಾನ ಪದವಿ ಸಾಕು. ಆಯ್ಕೆಯಾದವರಿಗೆ ರಾಂಚಿಯ ಸಂಸ್ಥೆಯಲ್ಲಿ ತರಬೇತಿ. ಪೆಟ್ರೋಲ್ ಬಂಕಿನಲ್ಲಿ 5 ಲೀಟರ್ ಅಳತೆ ಡಬ್ಬಿ ಹಿಡಿದು, 25 ಮಿ.ಲೀ.ಗಿಂತ ಹೆಚ್ಚು ಕೊರತೆ ಬಂತಾ ಅಂತ ನೋಡುವವರು ಇವರೇ. ನಮ್ಮಲ್ಲಿ ಎಷ್ಟೋ ಜನ ಬಿ.ಎಸ್ಸಿ. ಹುಡುಗರು ಪಿಡಿಒ, ಎಫ್‌ಡಿಎ ಅಂತ ವರ್ಷಗಟ್ಟಲೆ ಲೈಬ್ರರಿಯಲ್ಲಿ ಕೂರುತ್ತಾರೆ. ತಮ್ಮ ಡಿಗ್ರಿಗೆ ಹೊಂದುವ ಈ ಹುದ್ದೆಯ ಹೆಸರನ್ನೇ ಕೇಳಿರೋದಿಲ್ಲ. ಖಾಲಿ ಜಾಗ ಕಡಿಮೆ, ಅಧಿಸೂಚನೆ ಅಪರೂಪ, ನಿಜ. ಓದುತ್ತಿರೋದು ಹೇಗೂ ಓದುತ್ತಿದ್ದೀರಿ, ಕೆಪಿಎಸ್‌ಸಿ ಅಧಿಸೂಚನೆಗಳಲ್ಲಿ ಇದಕ್ಕೂ ಕಣ್ಣಿಟ್ಟಿರಿ.

ಹೆಜ್ಜೆ 5: ಉಳಿದ ದಾರಿಗಳಲ್ಲಿ ಒಂದನ್ನು ಪಕ್ಕಕ್ಕಿಟ್ಟುಕೊಳ್ಳಿ

ಹವಾಮಾನ ಇಲಾಖೆ: ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ (ಎಸ್‌ಎಸ್‌ಸಿ) ಮೂಲಕ ಸೈಂಟಿಫಿಕ್ ಅಸಿಸ್ಟೆಂಟ್ ನೇಮಕ ನಡೆಯುತ್ತದೆ. 2022ರಲ್ಲಿ 990 ಹುದ್ದೆಗೆ ಕರೆದಿದ್ದರು. ಪ್ರತಿ ವರ್ಷ ಕರೆಯೋದಿಲ್ಲ, ಅದೇ ಕಷ್ಟ. ಮೇಲಿನ ಗಾಳಿಯನ್ನು ಅಳೆಯುವ ಬಲೂನ್ ಹಾರಿಸೋದು ಪ್ರಪಂಚದ ಎಲ್ಲ ಕಡೆ ಒಂದೇ ಹೊತ್ತಿಗೆ, ನಮ್ಮ ಲೆಕ್ಕದಲ್ಲಿ ಬೆಳಗ್ಗೆ 5:30ರ ವೀಕ್ಷಣೆಗೆ. ಹಾಗಾಗಿ ಬೆಳಗಿನ ಜಾವ ಏಳುವ ರೂಢಿ ಇರಬೇಕು.

ಅಣುಶಕ್ತಿ: ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಅದರ ಮೊದಲ ಘಟಕ 2018ರಲ್ಲಿ ಒಂದು ಸಲವೂ ನಿಲ್ಲದೆ 962 ದಿನ ಓಡಿ ದಾಖಲೆ ಮಾಡಿತು. ಅಂಥ ಕಡೆ ಹೆಲ್ತ್ ಫಿಸಿಕ್ಸ್ ವಿಭಾಗ ಅಂತಲೇ ಇರುತ್ತದೆ, ಕೆಲಸಗಾರರ ಮೈಗೆ ಎಷ್ಟು ರೇಡಿಯೇಶನ್ ತಾಗಿತು ಅಂತ ಲೆಕ್ಕ ಇಡೋದಕ್ಕೆ.

ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಸೀನಿಯರ್ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ ಬಿ.ಎಸ್ಸಿ. ಸಾಕು. ಬೆಂಗಳೂರಿನಲ್ಲೇ ಅದರ ಹಲವು ಪ್ರಯೋಗಾಲಯಗಳಿವೆ.

ಭೂಭೌತ ಇಷ್ಟ ಇದ್ದರೆ ಯುಪಿಎಸ್‌ಸಿಯ ಜಿಯೊ ಸೈಂಟಿಸ್ಟ್ ಪರೀಕ್ಷೆಯಲ್ಲಿ ಜಿಯೊಫಿಸಿಸಿಸ್ಟ್ ಹುದ್ದೆಗೆ ಎಂ.ಎಸ್ಸಿ. ಫಿಸಿಕ್ಸ್ ಆದವರೂ ಕೂರಬಹುದು. ಕಲ್ಲು ಮಣ್ಣು ಓದಿಲ್ಲ ಅಂತ ಹೆದರಬೇಡಿ, ಗುರುತ್ವ ಮತ್ತು ಕಾಂತಕ್ಷೇತ್ರದ ಸರ್ವೆಯಲ್ಲಿ ನಿಮ್ಮದೇ ರಾಜ್ಯ.

ವಿಧಿವಿಜ್ಞಾನ ಪ್ರಯೋಗಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಒಡೆದ ಗಾಜಿನ ಚೂರಿನ ವಕ್ರೀಭವನ ಸೂಚಿ ಅಳೆದು, ಅದು ಅನುಮಾನ ಇರುವ ಕಾರಿನ ಗಾಜಿಗೆ ಹೊಂದುತ್ತದಾ ಅಂತ ಹೇಳುತ್ತಾರೆ. ಸಿನಿಮಾದಷ್ಟು ರೋಚಕ ಅಲ್ಲ, ವರದಿ ಬರೆಯೋದೇ ಜಾಸ್ತಿ. ಕೋರ್ಟಿಗೆ ಹೋಗಿ ಸಾಕ್ಷಿಯನ್ನೂ ಹೇಳಬೇಕು.

ಪೇಟೆಂಟ್ ಕೆಲಸ ಓದುವ ಚಟ ಇರುವವರಿಗೆ. ವಿಜ್ಞಾನ ಪದವಿ ಇದ್ದವರು ಏಜೆಂಟ್ ಪರೀಕ್ಷೆ ಬರೆಯಬಹುದು. ಎರಡು ಪೇಪರ್, ಒಂದು ಮೌಖಿಕ. ಆದರೆ ಶುರು ಮಾಡೋಕೆ ಆ ಪರೀಕ್ಷೆಯೂ ಬೇಕಿಲ್ಲ. ಬೆಂಗಳೂರಿನ ಕಂಪನಿಗಳು ಪೇಟೆಂಟ್ ಅನಲಿಸ್ಟ್ ಅಂತ ತೆಗೆದುಕೊಳ್ಳುತ್ತವೆ. ಲೇಸರ್, ಸೆಮಿಕಂಡಕ್ಟರ್ ಗೊತ್ತಿದ್ದವರಿಗೆ ಅಲ್ಲಿ ಗೌರವ ಇದೆ.

ಹೆಜ್ಜೆ 6: ಐಟಿ, ಡಾಟಾ, ಚಿಪ್ ಬಗ್ಗೆ ಕಣ್ಣು ತೆರೆದು ಯೋಚಿಸಿ

ಬಿ.ಎಸ್ಸಿ. ಮುಗಿದ ಕೂಡಲೇ ಸಂಬಳ ಬೇಕೇ ಬೇಕು ಅನ್ನುವವರಿಗೆ ಐಟಿ ಕಂಪನಿಗಳ ಬಿ.ಎಸ್ಸಿ. ನೇಮಕಾತಿ ಒಳ್ಳೆಯ ದಾರಿ. ವಿಪ್ರೋದ ವಿಲ್ಪ್ ಯೋಜನೆಯಲ್ಲಿ ಕೆಲಸ ಮಾಡುತ್ತಲೇ ಕಂಪನಿಯ ಖರ್ಚಿನಲ್ಲಿ ಎಂ.ಟೆಕ್. ಓದಬಹುದು. ಫಿಸಿಕ್ಸ್‌ನವರಿಗೂ ಅವಕಾಶ ಇದೆ. ಬದಲಿಗೆ ಐದು ವರ್ಷದಷ್ಟು ಕಾಲ ಅಲ್ಲೇ ಇರುವ ಒಪ್ಪಂದ. ನನಗೆ ಇದು ನ್ಯಾಯದ ವ್ಯಾಪಾರ ಅಂತಲೇ ಅನ್ನಿಸುತ್ತದೆ. ಸಹಿ ಹಾಕುವ ಮೊದಲು ಪೂರ್ತಿ ಓದಿ, ಅಪ್ಪನಿಗೂ ಓದಿ ಹೇಳಿ.

ಡಾಟಾ ಸೈನ್ಸ್ ಸರ್ಟಿಫಿಕೇಟ್ ಈಗ ಊರಿಗೆ ನೂರು ಜನರ ಹತ್ತಿರ ಇದೆ. ನೀವು ದುಡ್ಡು ಕೊಟ್ಟು ಇನ್ನೊಂದು ತರಬೇಡಿ. ಬದಲಿಗೆ ಇದು ಮಾಡಿ. ಪುಣೆಯ ಹವಾಮಾನ ಕೇಂದ್ರ 1901ರಿಂದ ಇಲ್ಲಿಯವರೆಗಿನ ದಿನದಿನದ ಮಳೆಯ ಅಂಕಿಅಂಶವನ್ನು ಉಚಿತವಾಗಿ ಕೊಡುತ್ತದೆ, ಇಡೀ ದೇಶವನ್ನು ಕಾಲು ಡಿಗ್ರಿಯ ಚೌಕಗಳಾಗಿ ಕತ್ತರಿಸಿ. ನಿಮ್ಮ ತಾಲೂಕಿನ ಚೌಕ ತೆಗೆದುಕೊಳ್ಳಿ. ಪೈಥಾನ್‌ನಲ್ಲಿ ಮೂವತ್ತು ಮೂವತ್ತು ವರ್ಷದ ತುಂಡು ಮಾಡಿ, ಮುಂಗಾರು ಶುರುವಾಗುವ ದಿನ ಸರಿದಿದೆಯಾ ನೋಡಿ. ಒಂದೇ ದಿನ ಸುರಿಯುವ ಭಾರಿ ಮಳೆ ಹೆಚ್ಚಿದೆಯಾ ನೋಡಿ. ಆ ಬದಲಾವಣೆ ನಿಜವೋ, ಕಾಕತಾಳೀಯವೋ ಅಂತ ಪರೀಕ್ಷೆ ಮಾಡಿ. ಸಂದರ್ಶನದಲ್ಲಿ ಇದನ್ನು ಹೇಳಿದರೆ ಎದುರಿಗಿರುವವರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಡಾಟಾ ಕಲಿತವರೆಲ್ಲ ತೋರಿಸುವ ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿ ನೋಡಿ ಅವರಿಗೆ ಸಾಕಾಗಿದೆ.

ಚಿಪ್ ಬಗ್ಗೆ ಗದ್ದಲ ಜಾಸ್ತಿ ಇದೆ. ಕೇಂದ್ರ ಸರ್ಕಾರ 2021ರಲ್ಲಿ 76,000 ಕೋಟಿ ರೂಪಾಯಿ ಯೋಜನೆ ಘೋಷಿಸಿತು. ಗುಜರಾತಿನ ಧೊಲೇರಾ, ಸಾನಂದದಲ್ಲಿ ಕಾರ್ಖಾನೆ ಕಟ್ಟುವ ಕೆಲಸ ಶುರುವಾಯಿತು. ಚಿಪ್ ತಯಾರಿಕೆ ಅಂದರೆ ವ್ಯಾಕ್ಯೂಮ್, ಪ್ಲಾಸ್ಮಾ, ಥಿನ್ ಫಿಲ್ಮ್, ಆಪ್ಟಿಕ್ಸ್. ಎಲ್ಲ ನಮ್ಮದೇ. ಆದರೂ ಬರೀ ಎಂ.ಎಸ್ಸಿ.ಗೆ ಬಾಗಿಲು ಸುಲಭವಾಗಿ ತೆರೆಯೋದಿಲ್ಲ, ಎಂ.ಟೆಕ್. ಕೇಳುತ್ತಾರೆ. ಗೇಟ್ ಪ್ರವೇಶ ಪರೀಕ್ಷೆಯ ಫಿಸಿಕ್ಸ್ ಪೇಪರ್ ಬರೆದು ಎಂ.ಟೆಕ್.ಗೆ ಹೋಗಬಹುದು ಅಂತ ತುಂಬಾ ಜನರಿಗೆ ಗೊತ್ತೇ ಇಲ್ಲ. ದೆಹಲಿ ಐಐಟಿಯ ಅಪ್ಲೈಡ್ ಆಪ್ಟಿಕ್ಸ್ ಹಾಗೆ ಸೇರುವ ಒಂದು ಕೋರ್ಸ್. ಎಂ.ಎಸ್ಸಿ. ಪ್ರಾಜೆಕ್ಟ್ ಇನ್ನೂ ಬಾಕಿ ಇದ್ದರೆ ಐಐಎಸ್‌ಸಿಯ ನ್ಯಾನೊ ಕೇಂದ್ರದಲ್ಲಿ ಹೊರಗಿನವರಿಗಾಗಿ ನಡೆಸುವ ಐಎನ್‌ಯುಪಿ ಕಾರ್ಯಕ್ರಮಕ್ಕೆ ನಿಮ್ಮ ಗೈಡ್ ಮೂಲಕ ಅರ್ಜಿ ಹಾಕಿ. ಧೂಳಿಲ್ಲದ ಪ್ರಯೋಗಾಲಯದ, ಅಂದರೆ ಕ್ಲೀನ್‌ರೂಮ್ ಒಳಗೆ ಹೋಗಿ ಬಂದೆ ಅನ್ನುವ ಒಂದು ಸಾಲು ರೆಸ್ಯೂಮೆಯಲ್ಲಿ ತೂಕದ್ದು.

ಹೆಜ್ಜೆ 7: ಲ್ಯಾಬ್ ರೆಕಾರ್ಡನ್ನು ರೆಸ್ಯೂಮೆ ಮಾಡಿ

ನನ್ನ ಹತ್ತಿರ ಬರುವ ರೆಸ್ಯೂಮೆಗಳಲ್ಲಿ 'ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್' ಅಂತ ಇರುತ್ತದೆ. ಕೆಳಗೆ 'ನ್ಯೂಟನ್ಸ್ ರಿಂಗ್ಸ್ ಪ್ರಯೋಗ ಮಾಡಿದ್ದೇನೆ'. ಹೌದಪ್ಪ, ಎಲ್ಲರೂ ಮಾಡಿದ್ದೇವೆ.

ಅದನ್ನೇ ಹೀಗೆ ಬರೆಯಿರಿ: 'ನ್ಯೂಟನ್ಸ್ ರಿಂಗ್ಸ್ ವಿಧಾನದಿಂದ ಲೆನ್ಸಿನ ವಕ್ರತೆಯ ತ್ರಿಜ್ಯ ಅಳೆದೆ. 20 ಉಂಗುರಗಳ ರೀಡಿಂಗ್, ಗ್ರಾಫಿನ ಸ್ಲೋಪ್‌ನಿಂದ ಲೆಕ್ಕ. ಸ್ಫೆರೊಮೀಟರ್ ಅಳತೆಗೆ ಹೋಲಿಸಿದಾಗ ಶೇ. 3 ವ್ಯತ್ಯಾಸ. ಮುಖ್ಯ ಕಾರಣ ಮೈಕ್ರೋಸ್ಕೋಪ್ ಸ್ಕ್ರೂವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್. ಸ್ಕ್ರೂವನ್ನು ಒಂದೇ ದಿಕ್ಕಿಗೆ ತಿರುಗಿಸಿ ಮತ್ತೆ ಅಳೆದಾಗ ವ್ಯತ್ಯಾಸ ಇಳಿಯಿತು.' ಪ್ರಯೋಗ ಅದೇ. ಆದರೆ ಈಗ ಉಪಕರಣ ಸುಳ್ಳು ಹೇಳಿದಾಗ ಹಿಡಿಯಬಲ್ಲ ಮನುಷ್ಯ ಕಾಣಿಸುತ್ತಾನೆ. ಸಂಖ್ಯೆಗಳು ನಿಮ್ಮವೇ ಆಗಿರಲಿ, ನನ್ನವನ್ನು ಕಾಪಿ ಮಾಡಬೇಡಿ. ಬ್ಯಾಕ್‌ಲ್ಯಾಶ್ ಅಂದರೇನು ಅಂತ ಕೇಳಿದರೆ ಸಿಕ್ಕಿಬೀಳುತ್ತೀರಿ.

ಇಂಥ ಮೂರು ಸಾಲು ಸಾಕು. ರೆಸ್ಯೂಮೆ ಒಂದು ಪುಟ ದಾಟಬಾರದು.

ಹೆಜ್ಜೆ 8: ಆ ಕೆಲಸದಲ್ಲಿ ಇರುವ ಒಬ್ಬರನ್ನು ಮಾತಾಡಿಸಿ

ನಿಮ್ಮ ಕಾಲೇಜಿನಿಂದ ಹೋದವರು ಯಾರಾದರೂ ಇರುತ್ತಾರೆ. ವಿಭಾಗದ ಅಟೆಂಡರ್‌ಗೆ ಕೇಳಿ, ಮೇಷ್ಟ್ರುಗಳಿಗಿಂತ ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಲಿಂಕ್ಡ್‌ಇನ್‌ನಲ್ಲಿ ಸಿಕ್ಕರೆ 'ಹಾಯ್ ಸರ್, ಎನಿ ಓಪನಿಂಗ್ಸ್?' ಅಂತ ಕಳಿಸಬೇಡಿ. ಅದಕ್ಕೆ ಯಾರೂ ಉತ್ತರ ಕೊಡೋದಿಲ್ಲ. ಹೀಗೆ ಬರೆಯಿರಿ:

"ನಮಸ್ಕಾರ ಮೇಡಂ. ನಾನು ನಮ್ಮ ಕಾಲೇಜಿನಲ್ಲೇ ಪಿಸಿಎಂ ಕೊನೇ ವರ್ಷ. ಮೆಡಿಕಲ್ ಫಿಸಿಕ್ಸ್ ಬಗ್ಗೆ ಓದುತ್ತಿದ್ದೇನೆ. ಎರಡೇ ಪ್ರಶ್ನೆ ಇದೆ: ಎಂ.ಎಸ್ಸಿ. ಫಿಸಿಕ್ಸ್ ಮಾಡಿ ಡಿಪ್ಲೊಮಾಗೆ ಹೋಗೋದು ಒಳ್ಳೆಯದಾ, ನೇರವಾಗಿ ಮೆಡಿಕಲ್ ಫಿಸಿಕ್ಸ್ ಎಂ.ಎಸ್ಸಿ.ನಾ? ಇಂಟರ್ನ್‌ಶಿಪ್ ಸಿಗೋದಕ್ಕೆ ನಿಮಗೆ ಕಷ್ಟ ಆಯ್ತಾ? ಬಿಡುವಾದಾಗ ಒಂದು ವಾಯ್ಸ್ ಮೆಸೇಜ್ ಹಾಕಿದರೂ ಸಾಕು."

ಹೀಗೆ ಕೇಳಿದವರಿಗೆ ಉತ್ತರ ಬರುತ್ತದೆ. ತಡವಾದರೆ ಹತ್ತು ದಿನ ಬಿಟ್ಟು ಒಂದೇ ಸಲ ನೆನಪಿಸಿ. ಫೋನ್ ಮಾಡೋದಾದರೆ ಮೊದಲೇ ಕೇಳಿ ಮಾಡಿ. ಏರ್ ಟ್ರಾಫಿಕ್‌ನವರು ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿರುತ್ತಾರೆ. ಮೆಡಿಕಲ್ ಫಿಸಿಸಿಸ್ಟ್‌ಗೆ ಬೆಳಗ್ಗೆ ಬೇಗ ಮಾಡಲೇಬೇಡಿ. ಮೊದಲ ರೋಗಿ ಬರುವ ಮುಂಚೆ ಅವರು ಮಶಿನ್ ಹತ್ತಿರ ಬ್ಯಾರೋಮೀಟರ್ ನೋಡುತ್ತಾ ನಿಂತಿರುತ್ತಾರೆ.